ಫೇಸ್ ಯಾವ ಕಡೆ? ನಿಯಾನ್ ಟೆಸ್ಟರ್ ಹಿಡಿದು ಮನೆಯ ಪ್ಲಗ್ ನೋಡುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಮಾರ್ಚ್ ಬಂತೆಂದರೆ ಮಾಳಿಗೆ ಮೇಲಿದ್ದ ಕೂಲರ್ ಕೆಳಗೆ ಇಳಿಯುತ್ತದೆ. ಹಳೆ ಹುಲ್ಲು ಕಿತ್ತು ಹೊಸದು ತುಂಬುತ್ತೇವೆ. ಪಂಪ್ ಓಡುತ್ತದೋ ಇಲ್ಲವೋ ನೋಡುತ್ತೇವೆ. ಆಮೇಲೆ ಪಿನ್ ತೆಗೆದುಕೊಂಡು ಹತ್ತಿರದ ಪ್ಲಗ್ಗಿಗೆ ಚುಚ್ಚುತ್ತೇವೆ. ಆ ಪ್ಲಗ್ಗಿನಲ್ಲಿ ಫೇಸ್, ಅಂದರೆ ಶಾಕ್ ಹೊಡೆಯುವ ತಂತಿ, ಯಾವ ಕಡೆ ಇದೆ ಎಂದು ಮಾತ್ರ ಯಾರೂ ನೋಡುವುದಿಲ್ಲ.

ನಾನು ಈ ಊರಿನಲ್ಲಿ ವೈರಿಂಗ್ ಕೆಲಸ ಮಾಡುವವನು. ಕೆಲವು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ನಮ್ಮ ಓಣಿಯ ಅಕ್ಕ ಒಬ್ಬರು ಮಧ್ಯಾಹ್ನ ಕರೆದರು. "ತಮ್ಮಾ, ಕೂಲರ್ ಬಂದ್ ಮಾಡೀನಿ. ಗ್ವಾಡಿ ಸ್ವಿಚ್ಚೂ ಬಂದ್ ಮಾಡೀನಿ. ಆದ್ರೂ ನೀರು ಹಾಕ್ಲಾಕ ಹೋದ್ರ ಕೈ ಝುಮ್ ಅಂತದ" ಅಂದರು. ಹೋಗಿ ನೋಡಿದೆ. ತಗಡಿನ ಕೂಲರ್. ಬೋರಿನ ಗಡಸು ನೀರಿಗೆ ತೊಟ್ಟಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತ್ತು. ಕೆಳಗೆ ಶಹಾಬಾದ್ ಫರಸಿ, ಅದರ ಮೇಲೆ ಚೆಲ್ಲಿದ ನೀರು. ಅಕ್ಕ ಬರಿಗಾಲಲ್ಲಿ ನಿಂತಿದ್ದರು. "ಅಕ್ಕಾ, ಮೊದ್ಲ ಹಿಂದ ಸರೀರಿ" ಎಂದೆ. ಕೂಲರ್ ಪಿನ್ ಕಿತ್ತು, ಪ್ಲಗ್ಗಿನ ಎಡಗಡೆ ತೂತಿಗೆ ಟೆಸ್ಟರ್ ಇಟ್ಟೆ. ಅಂಗೈಯ ನೆರಳಲ್ಲಿ ಕಿತ್ತಳೆ ಬಣ್ಣದ ಸಣ್ಣ ದೀಪ ಹತ್ತಿತು. ಸ್ವಿಚ್ ಬಂದ್ ಇತ್ತು, ಎಡಗಡೆ ತೂತಿನಲ್ಲಿ ಇರಬಾರದ ಫೇಸ್ ಇತ್ತು.

ಆ ಹೊತ್ತಿಗೆ ಅಲ್ಲಿ ಮೂರು ತಪ್ಪು ಒಟ್ಟಿಗೆ ಸೇರಿದ್ದವು. ಫೇಸ್ ತಂತಿಯೂ ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿಯೂ ಅದಲು ಬದಲಾಗಿದ್ದವು, ಹಾಗಾಗಿ ಸ್ವಿಚ್ ತೆಗೆದರೂ, ಅಂದರೆ ಬಂದ್ ಮಾಡಿದರೂ, ಫೇಸ್ ಪಂಪಿನವರೆಗೆ ಇತ್ತು. ಪಂಪಿನ ಇನ್ಸುಲೇಷನ್ ಹೋಗಿ ಕರೆಂಟ್ ನೀರಿಗೆ ಇಳಿಯುತ್ತಿತ್ತು. ಕೂಲರಿನ ಮೈಗೆ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಭೂಮಿಗೆ ಒಯ್ಯುವ ತಂತಿ, ಇರಲಿಲ್ಲ. ಮೂರರಲ್ಲಿ ಮೊದಲನೆಯದನ್ನು ನೂರು ರೂಪಾಯಿ ಒಳಗೆ ಸಿಗುವ ಟೆಸ್ಟರ್ ಎರಡು ನಿಮಿಷದಲ್ಲಿ ಹೇಳುತ್ತದೆ. ಆದರೆ ಅದನ್ನು ಹಿಡಿಯುವ ರೀತಿ ಇದೆ, ಅದು ಹೇಳಿದ್ದನ್ನು ಓದುವ ರೀತಿಯೂ ಇದೆ. ಓದುವುದರಲ್ಲೇ ಜನ ಜಾಸ್ತಿ ತಪ್ಪುತ್ತಾರೆ.

ಪೋಲಾರಿಟಿ ಅಂದರೆ ಇಷ್ಟೇ

ನಮ್ಮ ಮನೆಗೆ ಬರುವುದು 230 ವೋಲ್ಟ್, 50 ಹರ್ಟ್ಸ್ ಎಸಿ ಕರೆಂಟ್. ಎಸಿಗೆ ಬ್ಯಾಟರಿಯ ಹಾಗೆ ಪ್ಲಸ್ ಮೈನಸ್ ಇಲ್ಲ. ಆದರೂ ಎರಡು ತಂತಿ ಒಂದೇ ಅಲ್ಲ. ನ್ಯೂಟ್ರಲ್ ತಂತಿಯನ್ನು ಟ್ರಾನ್ಸ್‌ಫಾರ್ಮರ್ ಹತ್ತಿರ ಭೂಮಿಗೆ ಕಟ್ಟಿರುತ್ತಾರೆ. ಹಾಗಾಗಿ ಭೂಮಿಗೂ ಅದಕ್ಕೂ ಹೆಚ್ಚು ವೋಲ್ಟೇಜ್ ಇರುವುದಿಲ್ಲ. ಫೇಸ್ ತಂತಿಗೂ ಭೂಮಿಗೂ ನಡುವೆ ಪೂರಾ 230 ವೋಲ್ಟ್ ಇರುತ್ತದೆ. ಶಾಕ್ ಹೊಡೆಯುವುದು ಫೇಸ್‌ನಿಂದ. ಮನೆಯ ವೈರಿಂಗ್‌ನಲ್ಲಿ ಪೋಲಾರಿಟಿ ಸರಿ ಇದೆ ಎಂದರೆ ಫೇಸ್ ಬರಬೇಕಾದ ಜಾಗಕ್ಕೆ ಫೇಸ್ ಬಂದಿದೆ, ಸ್ವಿಚ್ಚೂ ಫ್ಯೂಜೂ ಫೇಸ್ ತಂತಿಯಲ್ಲೇ ಇವೆ ಎಂದು ಅರ್ಥ.

ಅದಲು ಬದಲಾದರೂ ಫ್ಯಾನ್ ತಿರುಗುತ್ತದೆ, ಬಲ್ಬ್ ಹತ್ತುತ್ತದೆ, ಮಿಕ್ಸಿ ಓಡುತ್ತದೆ. ಅದಕ್ಕೇ ಈ ತಪ್ಪು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಸ್ವಿಚ್ ಕಡಿಯುವುದು ಒಂದು ತಂತಿಯನ್ನು ಮಾತ್ರ. ಅದು ನ್ಯೂಟ್ರಲ್ ಆಗಿದ್ದರೆ ಯಂತ್ರ ನಿಲ್ಲುತ್ತದೆ, ಆದರೆ ಫೇಸ್ ಅದರ ಹೊಟ್ಟೆಯೊಳಗೆ ಕೂತೇ ಇರುತ್ತದೆ. ಬಲ್ಬ್ ಬದಲಾಯಿಸಲು ಹೋಲ್ಡರಿಗೆ ಕೈ ಹಾಕಿದವರಿಗೆ, ಇಸ್ತ್ರಿ ಪೆಟ್ಟಿಗೆ ಒರೆಸಲು ಹೋದವರಿಗೆ, ಕೂಲರಿಗೆ ನೀರು ತುಂಬುವವರಿಗೆ ಅದು ಗೊತ್ತಾಗುವುದು ಹೊಡೆದ ಮೇಲೆ.

ಇದಕ್ಕೆ ಒಂದು ಸಣ್ಣ ಸುಳಿವು ಇದೆ. ಸ್ವಿಚ್ ಬಂದ್ ಮಾಡಿದ ಮೇಲೂ ರಾತ್ರಿ ಎಲ್‌ಇಡಿ ಬಲ್ಬ್ ಮಂಕಾಗಿ ಮಿನುಗುತ್ತಿದ್ದರೆ ಸ್ವಿಚ್ ನ್ಯೂಟ್ರಲ್‌ನಲ್ಲಿ ಇರಬಹುದು. ಸ್ವಿಚ್ಚಿನಲ್ಲೇ ಸಣ್ಣ ಸೂಚಕ ದೀಪ ಇದ್ದರೂ ಹೀಗಾಗುತ್ತದೆ. ಯಾವುದು ಎಂದು ಟೆಸ್ಟರ್ ಇಟ್ಟು ನೋಡಿಯೇ ಹೇಳಬೇಕು.

ಟೆಸ್ಟರ್ ಒಳಗೆ ಏನಿದೆ

ತುದಿಯಲ್ಲಿ ಸ್ಕ್ರೂಡ್ರೈವರ್ ಹಾಗೆ ಚಪ್ಪಟೆ ಬ್ಲೇಡ್. ಅದರ ಹಿಂದೆ ಕರೆಂಟನ್ನು ತಡೆದು ಕಡಿಮೆ ಮಾಡುವ ರೆಸಿಸ್ಟರ್. ಅದರ ಹಿಂದೆ ನಿಯಾನ್ ಅನಿಲ ತುಂಬಿದ ಗೋಧಿ ಕಾಳಿನಷ್ಟು ಬಲ್ಬ್. ಆಮೇಲೆ ಒಂದು ಸ್ಪ್ರಿಂಗ್, ಕೊನೆಗೆ ಬೆರಳು ಇಡುವ ಲೋಹದ ಟೋಪಿ. ಟೋಪಿಗೆ ಬೆರಳು ತಾಗಿಸಿದಾಗ ಕರೆಂಟ್ ಫೇಸ್‌ನಿಂದ ಬ್ಲೇಡ್, ರೆಸಿಸ್ಟರ್, ಬಲ್ಬ್ ದಾಟಿ, ನಿಮ್ಮ ಮೈ ಮೂಲಕ ಭೂಮಿಗೆ ಹೋಗುತ್ತದೆ. ಹೌದು, ನಿಮ್ಮ ಮೈಯೇ ಎರಡನೇ ತಂತಿ.

ಇದನ್ನು ಕೇಳಿ ಹೆದರಬೇಡಿ, ಹಾಗೆಂದು ಮರೆಯಲೂ ಬೇಡಿ. ರೆಸಿಸ್ಟರ್ ಸುಮಾರು 10 ಲಕ್ಷ ಓಮ್ ಇದೆ ಎಂದುಕೊಳ್ಳಿ. 230 ವೋಲ್ಟಿಗೆ ಹರಿಯುವುದು ಹೆಚ್ಚೆಂದರೆ 0.23 ಮಿಲಿಆಂಪ್. ಅಷ್ಟು ಕರೆಂಟ್ ನಮಗೆ ಗೊತ್ತೂ ಆಗುವುದಿಲ್ಲ. ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯಲಿ ಎಂದು ಮನೆಗೆ ಹಾಕುವ ಆರ್‌ಸಿಸಿಬಿ ಬೀಳುವುದು 30 ಮಿಲಿಆಂಪ್ ಲೆಕ್ಕದಲ್ಲಿ, ಇದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ. ಆದರೆ ಈ ಲೆಕ್ಕ ನಿಂತಿರುವುದು ಆ ಸಣ್ಣ ರೆಸಿಸ್ಟರ್ ಮೇಲೆ. ಯಾರೋ ಟೆಸ್ಟರ್ ಬಿಚ್ಚಿ, ಜೋಡಿಸುವಾಗ ರೆಸಿಸ್ಟರ್ ಕಳೆದು, ಸ್ಪ್ರಿಂಗ್ ಎಳೆದು ಕೂರಿಸಿದ್ದನ್ನು ನಾನು ನೋಡಿದ್ದೇನೆ. ಅಂಥದ್ದನ್ನು ಹಿಡಿದರೆ ಬರಿಗೈಯಲ್ಲಿ ಫೇಸ್ ಮುಟ್ಟಿದ ಹಾಗೆ.

ನಿಯಾನ್ ಬಲ್ಬ್ ಹತ್ತಲು ಕನಿಷ್ಠ 60ರಿಂದ 90 ವೋಲ್ಟ್ ಬೇಕು. ಹಾಗಾಗಿ 12 ವೋಲ್ಟ್ ಇನ್ವರ್ಟರ್ ಬ್ಯಾಟರಿಗೆ, ಬೈಕಿನ ಬ್ಯಾಟರಿಗೆ ಇದು ಕೆಲಸಕ್ಕೆ ಬಾರದು. ಟೆಸ್ಟರ್ ಮೇಲೆ ಎಷ್ಟು ವೋಲ್ಟ್‌ವರೆಗೆ ಎಂದು ಬರೆದಿರುತ್ತದೆ, ಅದರ ಮೇಲೆ ಹೋಗಬಾರದು. 11 ಕೆವಿ (11,000 ವೋಲ್ಟ್) ಲೈನ್, ಟ್ರಾನ್ಸ್‌ಫಾರ್ಮರ್ ಹತ್ತಿರ ಇದನ್ನು ತೆಗೆದುಕೊಂಡು ಹೋಗುವ ಮಾತೇ ಬೇಡ.

ಹಿಡಿಯುವ ಮೊದಲು

ಟೆಸ್ಟರನ್ನು ಬೆಳಕಿಗೆ ಹಿಡಿದು ನೋಡಿ. ಪಾರದರ್ಶಕ ಹಿಡಿಯಲ್ಲಿ ರೆಸಿಸ್ಟರ್ ಕಾಣಬೇಕು. ಒಳಗೆ ಹಸಿ ಇರಬಾರದು, ಹಿಡಿ ಸೀಳಿರಬಾರದು. ಬ್ಲೇಡ್ ಮೇಲೆ ಪ್ಲಾಸ್ಟಿಕ್ ತೋಳು ಇದ್ದು ತುದಿ ಮಾತ್ರ ಹೊರಗಿದ್ದರೆ ಒಳ್ಳೆಯದು. ಬ್ಲೇಡ್ ಪೂರಾ ಬರಿ ಇದ್ದರೆ ಬೆರಳು ಜಾರಿ ಅದಕ್ಕೆ ತಾಗುತ್ತದೆ. ಇಲ್ಲವೇ ಫೇಸ್‌ಗೂ ಪಕ್ಕದ ತಗಡಿಗೂ ಅಡ್ಡ ಬಿದ್ದು ಕಿಡಿ ಹಾರುತ್ತದೆ. ಕೂಲರ್ ತೊಟ್ಟಿಗೆ ಬಿದ್ದ ಟೆಸ್ಟರನ್ನು ಒಣಗಿಸಿ ಬಳಸಬೇಡಿ, ಎಸೆಯಿರಿ. ಇನ್ನೊಂದು ಮಾತು. ಟೆಸ್ಟರಿನಿಂದ ಬಿಗಿ ಸ್ಕ್ರೂ ತಿರುಗಿಸಬೇಡಿ. ಹಿಡಿ ಒಳಗೇ ಬಿರುಕು ಬಿಡುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ನಿಮ್ಮ ಕೈ ಒಣಗಿರಲಿ. ಕಾಲಿಗೆ ಸಾದಾ ಚಪ್ಪಲಿ ಇರಲಿ. ಒದ್ದೆ ಫರಸಿ ಮೇಲೆ ಬರಿಗಾಲಲ್ಲಿ ನಿಲ್ಲಬೇಡಿ. ಒಂದೇ ಕೈ ಕೆಲಸ ಮಾಡಲಿ. ಇನ್ನೊಂದು ಕೈ ಗೋಡೆ, ಕಬ್ಬಿಣದ ಕಪಾಟು, ನಲ್ಲಿ ಯಾವುದಕ್ಕೂ ತಾಗಬಾರದು. ಮಕ್ಕಳು ಹತ್ತಿರ ಇದ್ದರೆ ಹೊರಗೆ ಕಳಿಸಿ. ನೋಡಿ ಕಲಿಯುವ ವಯಸ್ಸು, ನೀವಿಲ್ಲದಾಗ ಮೊಳೆ ಹಿಡಿದು ಚುಚ್ಚುತ್ತಾರೆ.

ಮೊದಲ ಹೆಜ್ಜೆ: ಟೆಸ್ಟರನ್ನೇ ಟೆಸ್ಟ್ ಮಾಡಿ

ನನಗೆ ಕೆಲಸ ಕಲಿಸಿದ ಉಸ್ತಾದ್ ಮೊದಲ ದಿನ ಹೇಳಿದ್ದು ಇದನ್ನೇ. "ದೀಪ ಹತ್ತಿತಂದ್ರ ಫೇಸ್ ಅದ ಅಂತ ತಿಳಿ. ಹತ್ತಲಿಲ್ಲಂದ್ರ ಏನೂ ತಿಳೀಬ್ಯಾಡ." ಅವರ ಕೈಕೆಳಗೆ ಎಷ್ಟೋ ಹುಡುಗರು ಕಲಿತರು. ಎಲ್ಲರಿಗೂ ಮೊದಲ ಪಾಠ ಇದೇ ಆಗಿತ್ತು.

ಹತ್ತದಿರಲು ನೂರೆಂಟು ಕಾರಣ. ನಿಯಾನ್ ಬಲ್ಬ್ ಹಳತಾಗಿ ಕಪ್ಪಾಗಿರಬಹುದು. ಸ್ಪ್ರಿಂಗ್ ಸಡಿಲಾಗಿರಬಹುದು. ಬೆರಳು ಟೋಪಿಗೆ ಸರಿಯಾಗಿ ತಾಗಿಲ್ಲದಿರಬಹುದು. ನೀವು ಒಣ ಕಟ್ಟಿಗೆ ಸ್ಟೂಲ್ ಮೇಲೆ ಅಥವಾ ಪ್ಲಾಸ್ಟಿಕ್ ಕುರ್ಚಿ ಮೇಲೆ ನಿಂತಿರಬಹುದು. ಹಾಗೆ ನಿಂತಾಗಲೂ ಮೈ ಮೂಲಕ ಸ್ವಲ್ಪ ಕರೆಂಟ್ ಹರಿಯುತ್ತದೆ, ಆದರೆ ಬಹಳ ಕಡಿಮೆ, ದೀಪ ಮಂಕಾಗುತ್ತದೆ. ನಮ್ಮ ಕಡೆ ಇನ್ನೊಂದು ಕಾರಣವೂ ಇದೆ. ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುವಾಗ ಅಂಗಳದ ಮೀಟರ್ ಬೋರ್ಡ್ ಹತ್ತಿರ ದೀಪ ಹತ್ತಿದರೂ ಕಾಣುವುದಿಲ್ಲ. ಅಂಗೈಯಿಂದ ನೆರಳು ಮಾಡಿ ನೋಡಿ, ಇಲ್ಲವೇ ಸಂಜೆ ನೋಡಿ.

ಆದ್ದರಿಂದ ಕ್ರಮ ಹೀಗೆ. ಕರೆಂಟ್ ಇದೆ ಎಂದು ಖಾತ್ರಿ ಇರುವ ಒಂದು ಪ್ಲಗ್ಗಿನಲ್ಲಿ ಮೊದಲು ಟೆಸ್ಟರ್ ಇಡಿ. ದೀಪ ಹತ್ತಿತು ಅಂದರೆ ಅದೇ ಚಪ್ಪಲಿ, ಅದೇ ನೆಲ, ಅದೇ ಬೆರಳು ಇಟ್ಟುಕೊಂಡು ನೋಡಬೇಕಾದ ಜಾಗಕ್ಕೆ ಹೋಗಿ. ನೋಡಿ ಮುಗಿದ ಮೇಲೆ ಮತ್ತೆ ಮೊದಲಿನ ಪ್ಲಗ್ಗಿಗೆ ಬಂದು ಒಮ್ಮೆ ಹತ್ತಿಸಿ. ಮೊದಲೂ ಕೊನೆಗೂ ಹತ್ತಿದರೆ ಮಾತ್ರ ನಡುವೆ ಹತ್ತದಿದ್ದುದಕ್ಕೆ ಅರ್ಥ ಇದೆ.

ಎರಡನೇ ಹೆಜ್ಜೆ: ಪ್ಲಗ್ಗಿನ ಮೂರು ತೂತು

ಪ್ಲಗ್ಗಿಗೆ ಎದುರಾಗಿ ನಿಲ್ಲಿ. ಮೇಲಿನ ದೊಡ್ಡ ತೂತು ಅರ್ಥಿಂಗ್. ನಿಮ್ಮ ಬಲಗೈ ಕಡೆಯದು ಫೇಸ್, ಎಡಗೈ ಕಡೆಯದು ನ್ಯೂಟ್ರಲ್. ಸಣ್ಣ 6 ಆಂಪ್ ಪ್ಲಗ್ಗಿಗೂ ದೊಡ್ಡ 16 ಆಂಪ್ ಪ್ಲಗ್ಗಿಗೂ ಇದೇ ನಿಯಮ. ಪ್ಲಗ್ಗನ್ನು ಅಡ್ಡ ಅಥವಾ ತಲೆಕೆಳಗೆ ಕೂರಿಸಿದ್ದರೆ ಮನಸ್ಸಿನಲ್ಲೇ ಅರ್ಥಿಂಗ್ ತೂತನ್ನು ಮೇಲೆ ಮಾಡಿಕೊಂಡು ಬಲ ಎಡ ಲೆಕ್ಕ ಹಾಕಿ.

ಅದಲು ಬದಲಾಗುವುದು ಎಲ್ಲಿ ಅಂದರೆ ಬಹಳ ಸಲ ಇಲ್ಲೇ. ತಂತಿ ಕಟ್ಟುವವರು ಬೋರ್ಡನ್ನು ಹಿಂದಿನಿಂದ ನೋಡುತ್ತಾರೆ. ಆಗ ಬಲಗಡೆ ಎಡಗಡೆ ಆಗುತ್ತದೆ. ಹಿಂದೆ ಎಲ್ (ಫೇಸ್), ಎನ್ (ನ್ಯೂಟ್ರಲ್) ಎಂದು ಗುರುತು ಇರುತ್ತದೆ. ಅವಸರದಲ್ಲಿ ಅದನ್ನು ನೋಡದೆ "ಬಲಕ್ಕೆ ಫೇಸ್" ಎಂದು ಕಟ್ಟಿದರೆ ಮುಂದೆ ಎಡಕ್ಕೆ ಬರುತ್ತದೆ.

ಪ್ಲಗ್ಗಿನಲ್ಲಿದ್ದ ಪಿನ್ ತೆಗೆಯಿರಿ. ಸ್ವಿಚ್ ಹಾಕಿ. ಬಲಗಡೆ ತೂತಿಗೆ ಬ್ಲೇಡ್ ಇಟ್ಟು ಟೋಪಿಗೆ ಬೆರಳು ತಾಗಿಸಿ. ಆಮೇಲೆ ಎಡಗಡೆ. ಆಮೇಲೆ ಅರ್ಥಿಂಗ್. ಈಗ ಸ್ವಿಚ್ ತೆಗೆದು ಮತ್ತೆ ಅದೇ ಮೂರು. ಒಟ್ಟು ಆರು ಸಲ ನೋಡಬೇಕು. ಜನ ಒಂದೇ ಸಲ ಬಲಕ್ಕೆ ಚುಚ್ಚಿ "ಕರೆಂಟ್ ಅದ" ಎಂದು ಎದ್ದು ಹೋಗುತ್ತಾರೆ. ಸ್ವಿಚ್ ತೆಗೆದು ನೋಡಿದಾಗಲೇ ನಿಜ ತಿಳಿಯುವುದು.

ಈಗಿನ ಪ್ಲಗ್ಗುಗಳಲ್ಲಿ ಮಕ್ಕಳ ಸುರಕ್ಷೆಗೆ ಒಳಗೆ ಸಣ್ಣ ಬಾಗಿಲು ಇರುತ್ತದೆ. ಹೆಚ್ಚಿನವುಗಳಲ್ಲಿ ಅರ್ಥಿಂಗ್ ಪಿನ್ ಹೋದಾಗ ಮಾತ್ರ ಅದು ತೆರೆಯುತ್ತದೆ, ಟೆಸ್ಟರ್ ನೇರವಾಗಿ ಹೋಗುವುದಿಲ್ಲ. ಅನೇಕರು ಅರ್ಥಿಂಗ್ ತೂತಿಗೆ ಇನ್ನೊಂದು ಸ್ಕ್ರೂಡ್ರೈವರ್ ಚುಚ್ಚಿ ಬಾಗಿಲು ತೆರೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಥಿಂಗ್ ತಂತಿಗೇ ಫೇಸ್ ಬಂದಿದ್ದರೆ ಆ ಸ್ಕ್ರೂಡ್ರೈವರ್ ಹಿಡಿದ ಕೈಗೆ ರೆಸಿಸ್ಟರ್ ಕಾವಲು ಇಲ್ಲ. ಅಂಥ ಪ್ಲಗ್ಗಿಗೆ ಮೂರು ದೀಪ ಇರುವ ಸಾಕೆಟ್ ಟೆಸ್ಟರ್ ಸಿಗುತ್ತದೆ. ಪಿನ್ ಹಾಗೆ ಚುಚ್ಚಿದರೆ ಸಾಕು, ಯಾವ ದೀಪ ಹತ್ತಿತು ಎಂಬುದರ ಮೇಲೆ ಅದಲು ಬದಲು ಗೊತ್ತಾಗುತ್ತದೆ. ನ್ಯೂಟ್ರಲ್ಲೂ ಅರ್ಥಿಂಗೂ ಒಂದಕ್ಕೊಂದು ಬದಲಾಗಿದ್ದರೆ ಮಾತ್ರ ಅದಕ್ಕೂ ತಿಳಿಯುವುದಿಲ್ಲ.

ಮೂರನೇ ಹೆಜ್ಜೆ: ಕಂಡದ್ದನ್ನು ಓದುವುದು

ಸ್ವಿಚ್ ಹಾಕಿದಾಗ ಬಲಗಡೆ ಮಾತ್ರ ಹತ್ತಿ, ಸ್ವಿಚ್ ತೆಗೆದಾಗ ಎಲ್ಲೂ ಹತ್ತದಿದ್ದರೆ ಪೋಲಾರಿಟಿ ಸರಿ ಇದೆ.

ಸ್ವಿಚ್ ಹಾಕಿದಾಗ ಎಡಗಡೆ ಹತ್ತಿ, ತೆಗೆದಾಗ ಆರಿಹೋದರೆ ಸ್ವಿಚ್ ಫೇಸ್‌ನಲ್ಲೇ ಇದೆ. ಪ್ಲಗ್ಗಿನ ಹಿಂದೆ ಎರಡು ತಂತಿ ಮಾತ್ರ ಅದಲು ಬದಲು. ಇದು ಸಣ್ಣ ರಿಪೇರಿ.

ಸ್ವಿಚ್ ತೆಗೆದ ಮೇಲೂ ಎಡಗಡೆ ಹತ್ತುತ್ತಲೇ ಇದ್ದರೆ ಬೋರ್ಡಿಗೆ ಬರುವ ತಂತಿಗಳೇ ಬದಲಾಗಿವೆ. ಸ್ವಿಚ್ ನ್ಯೂಟ್ರಲ್ ಕಡಿಯುತ್ತಿದೆ. ಅಕ್ಕನ ಮನೆಯಲ್ಲಿ ಇದ್ದದ್ದು ಇದೇ. ಆ ಬೋರ್ಡಿನ ಉಳಿದ ಸ್ವಿಚ್ಚುಗಳೂ ಹಾಗೇ ಇರುತ್ತವೆ, ಎಲ್ಲವನ್ನೂ ನೋಡಬೇಕು.

ಸ್ವಿಚ್ ಹಾಕಿದರೂ ತೆಗೆದರೂ ಬಲಗಡೆಯೇ ಹತ್ತುತ್ತಿದ್ದರೆ ಬಹಳ ಸಲ ಫೇಸ್ ನೇರವಾಗಿ ಪ್ಲಗ್ಗಿಗೆ ಹೋಗಿರುತ್ತದೆ, ನ್ಯೂಟ್ರಲ್ ಸ್ವಿಚ್ ಮೂಲಕ ಬಂದಿರುತ್ತದೆ. ನನ್ನ ಲೆಕ್ಕದಲ್ಲಿ ಮೋಸ ಮಾಡುವುದು ಇದೇ ಹೆಚ್ಚು. ಸ್ವಿಚ್ ಹಾಕಿ ಮಾತ್ರ ನೋಡಿದವರಿಗೆ ಎಲ್ಲ ಸರಿ ಇದ್ದ ಹಾಗೆ ಕಾಣುತ್ತದೆ.

ಅರ್ಥಿಂಗ್ ತೂತಿನಲ್ಲಿ ದೀಪ ಹತ್ತಿದರೆ ಅಲ್ಲೇ ನಿಲ್ಲಿಸಿ. ಮೇನ್ ಆಫ್ ಮಾಡಿ. ಆ ಅರ್ಥಿಂಗ್ ತಂತಿ ಫ್ರಿಜ್ಜು, ವಾಷಿಂಗ್ ಮಷೀನು, ಗೀಸರ್ ಎಲ್ಲದರ ಮೈಗೂ ಹೋಗಿರುತ್ತದೆ. ಅಂದರೆ ಮನೆಯ ಎಲ್ಲ ತಗಡಿಗೂ ಫೇಸ್ ಹಂಚಿಕೆ ಆಗಿದೆ. ಇದನ್ನು ನಾಳೆ ನೋಡೋಣ ಅನ್ನುವ ಹಾಗಿಲ್ಲ.

ಮನೆಯ ಪ್ರತಿ ಪ್ಲಗ್ಗಿನಲ್ಲೂ ಎಡಗಡೆಯೇ ಹತ್ತಿದರೆ ತಪ್ಪು ಪ್ಲಗ್ಗಿನದ್ದಲ್ಲ. ಕಂಬದಿಂದ ಮೀಟರಿಗೆ, ಮೀಟರಿನಿಂದ ಮೇನಿಗೆ ಬರುವಲ್ಲೇ ತಂತಿ ಬದಲಾಗಿದೆ. ಸರ್ವಿಸ್ ವೈರ್ ಬದಲಾಯಿಸಿದ ಮೇಲೆ ಹೀಗಾಗಬಹುದು. ಮೀಟರಿನ ಸೀಲ್ ಹತ್ತಿರ ನೀವು ಕೈ ಹಾಕಬೇಡಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ವಿದ್ಯುತ್ ಕಂಪನಿ ಜೆಸ್ಕಾಂ ವ್ಯಾಪ್ತಿ, 1912ಕ್ಕೆ ಫೋನ್ ಮಾಡಿ ಲೈನ್‌ಮನ್ ಕರೆಸಿ.

ಎರಡೂ ತೂತಿನಲ್ಲಿ ಹತ್ತುತ್ತದೆ, ಇದೇನು?

ನನಗೆ ಜಾಸ್ತಿ ಬರುವ ಫೋನ್ ಇದು. "ಎರಡರಾಗೂ ಕರೆಂಟ್ ಅದರಿ, ಆದ್ರ ಫ್ಯಾನ್ ತಿರಗವಲ್ದು." ಎರಡೂ ಕಡೆ ಫೇಸ್ ಬಂದಿದೆ ಎಂದು ಜನ ಹೆದರುತ್ತಾರೆ. ನಿಜ ಏನೆಂದರೆ ನ್ಯೂಟ್ರಲ್ ಎಲ್ಲೋ ಕಡಿದಿದೆ. ಹಾಕಿಟ್ಟ ಫ್ಯಾನ್, ಬಲ್ಬ್, ಟಿವಿ ಇವುಗಳ ಮೂಲಕ ಫೇಸ್ ದಾಟಿ ಹೋಗಿ ಕಡಿದ ನ್ಯೂಟ್ರಲ್ ತಂತಿಯಲ್ಲಿ ನಿಂತಿದೆ. ಹೋಗಲು ದಾರಿ ಇಲ್ಲ.

ಖಾತ್ರಿ ಮಾಡಿಕೊಳ್ಳಲು ಸುಲಭ ಉಪಾಯ ಇದೆ. ಎಲ್ಲ ಸ್ವಿಚ್ ತೆಗೆಯಿರಿ, ಎಲ್ಲ ಪಿನ್ ಕೀಳಿ. ನೋಡಬೇಕಾದ ಪ್ಲಗ್ಗಿನ ಸ್ವಿಚ್ ಮಾತ್ರ ಹಾಕಿ ಎಡಗಡೆ ಟೆಸ್ಟರ್ ಇಡಿ. ಈಗ ಆರಿದರೆ, ಇಲ್ಲವೇ ಬಹಳ ಮಂಕಾದರೆ ನ್ಯೂಟ್ರಲ್ ಕಡಿದಿರುವುದು ನಿಜ. ಒಂದು ಬಲ್ಬಿನ ಸ್ವಿಚ್ ಹಾಕಿದ ಕೂಡಲೇ ಎಡಗಡೆ ಮತ್ತೆ ಹತ್ತುತ್ತದೆ. ಒಂದೇ ಕೋಣೆಯಲ್ಲಿ ಹೀಗಿದ್ದರೆ ಆ ಬೋರ್ಡಿನ ನ್ಯೂಟ್ರಲ್ ಸಡಿಲ. ಇಡೀ ಮನೆಯಲ್ಲಿ ಹೀಗಿದ್ದರೆ ಮೇನ್ ಹತ್ತಿರ ಅಥವಾ ಕಂಬದ ಹತ್ತಿರ.

ಇಡೀ ಓಣಿಯಲ್ಲಿ ಕೆಲವರ ಮನೆ ಬಲ್ಬ್ ವಿಪರೀತ ಬೆಳಗಿ, ಕೆಲವರದ್ದು ಮಂಕಾದರೆ ಮೂರು ಫೇಸಿನ ನ್ಯೂಟ್ರಲ್ ಕಡಿದಿದೆ. ಆಗ ಕೆಲವು ಮನೆಗೆ 230 ಬದಲು 400 ವೋಲ್ಟ್ ಹತ್ತಿರ ಬರಬಹುದು. ಟೆಸ್ಟರ್ ಹುಡುಕುತ್ತಾ ಕೂರಬೇಡಿ. ಮೇನ್ ಆಫ್ ಮಾಡಿ, ಪಕ್ಕದ ಮನೆಯವರಿಗೂ ಕೂಗಿ ಹೇಳಿ, 1912ಕ್ಕೆ ಫೋನ್ ಮಾಡಿ.

ದೀಪ ಮಂಕಾಗಿ ಹತ್ತುವುದಕ್ಕೆ ಇನ್ನೊಂದು ಕಾರಣವೂ ಇದೆ. ಪೈಪಿನೊಳಗೆ ಫೇಸ್ ತಂತಿಯ ಪಕ್ಕ ದೂರದವರೆಗೆ ಹೋದ ಖಾಲಿ ತಂತಿಗೂ ಸ್ವಲ್ಪ ವೋಲ್ಟೇಜ್ ತಾನಾಗಿ ಹತ್ತುತ್ತದೆ. ಅದು ಮಂಕು ದೀಪ ತೋರಿಸುತ್ತದೆ. ಮಂಕು ಅಂದರೆ ಫೇಸ್ ಇಲ್ಲ ಎಂದಲ್ಲ, ಇದೆ ಎಂದೂ ಅಲ್ಲ. ವೋಲ್ಟೇಜ್ ಅಳೆದು ತೋರಿಸುವ ಮಲ್ಟಿಮೀಟರ್ ತರಿಸಿ.

ಇನ್ವರ್ಟರ್ ಇರುವ ಮನೆ

ಬೇಸಿಗೆಯಲ್ಲಿ ಕರೆಂಟ್ ಹೋಗುವ ಊರು ನಮ್ಮದು, ಮನೆ ಮನೆಗೆ ಇನ್ವರ್ಟರ್. ಅಂಥ ಮನೆಯಲ್ಲಿ ಮೇನ್ ಆಫ್ ಮಾಡಿದರೆ ಇನ್ವರ್ಟರ್ ತಾನೇ ಶುರುವಾಗಿ ಅದರ ಲೈನಿನ ಬೋರ್ಡುಗಳಿಗೆ ಫೇಸ್ ಕೊಡುತ್ತದೆ. ಬೋರ್ಡ್ ಬಿಚ್ಚುವ ಮೊದಲು ಮೇನೂ ಆಫ್ ಇರಬೇಕು, ಇನ್ವರ್ಟರೂ ಆಫ್ ಇರಬೇಕು. ಕರೆಂಟ್ ಹೋಗಿದೆ ಎಂದು ಮೇನ್ ತೆಗೆಯದೆ ಕೆಲಸ ಶುರು ಮಾಡಿದರೆ ಅದು ಯಾವ ಗಳಿಗೆಯಲ್ಲಿ ವಾಪಸ್ ಬರುತ್ತದೋ ಗೊತ್ತಿಲ್ಲ.

ಇನ್ವರ್ಟರ್ ಓಡುವಾಗ ಟೆಸ್ಟರ್ ಇಟ್ಟರೆ ಕೆಲವು ಮನೆಯಲ್ಲಿ ಎರಡೂ ಕಡೆ ಮಂಕಾಗಿ ಹತ್ತುತ್ತದೆ. ಕೆಲವು ಇನ್ವರ್ಟರಿನ ಔಟ್‌ಪುಟ್ ಭೂಮಿಗೆ ಕಟ್ಟಿರುವುದಿಲ್ಲ, ಅದಕ್ಕೆ ಹಾಗೆ. ಪೋಲಾರಿಟಿಯನ್ನು ಲೈನ್ ಕರೆಂಟ್ ಇದ್ದಾಗಲೇ ನೋಡಿ.

ಎಕ್ಸ್‌ಟೆನ್ಷನ್ ಬೋರ್ಡ್, ಬಣ್ಣದ ಮೋಸ

ಗೋಡೆಯ ಪ್ಲಗ್ ಸರಿ ಇದ್ದು ಎಕ್ಸ್‌ಟೆನ್ಷನ್ ಬೋರ್ಡ್ ತಪ್ಪಾಗಿರುವುದು ಬಹಳ. ಪಿನ್ ಸುಟ್ಟಿತೆಂದು ಯಾರೋ ಹೊಸ ಪಿನ್ ಹಾಕಿರುತ್ತಾರೆ, ತಂತಿ ಅಲ್ಲಿ ಬದಲಾಗುತ್ತದೆ. ಆ ಬೋರ್ಡಿನ ತೂತುಗಳಿಗೂ ಅದೇ ಆರು ಸಲದ ಪರೀಕ್ಷೆ ಮಾಡಿ. ಎರಡೇ ಪಿನ್ ಇದ್ದರೆ ಮಾತ್ರ ಈ ಪರೀಕ್ಷೆಗೆ ಅರ್ಥ ಇಲ್ಲ. ಎರಡು ಪಿನ್ನನ್ನು ಹೇಗೆ ಬೇಕಾದರೂ ತಿರುಗಿಸಿ ಚುಚ್ಚಬಹುದು, ಇವತ್ತು ಸರಿ ಇದ್ದದ್ದು ನಾಳೆ ಉಲ್ಟಾ. ತಗಡಿನ ಕೂಲರಿಗೆ ಎರಡು ಪಿನ್ ಹಾಕಲೇಬಾರದು.

ತಂತಿ ಬಣ್ಣ ನೋಡಿ ನಂಬಬೇಡಿ. ಮನೆಯ ವೈರಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ ಮೂರೂ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಯಂತ್ರದ ಜೊತೆ ಬರುವ ಕೇಬಲ್‌ನಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್. ನೋಡಿ, ಅದೇ ನೀಲಿ ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್! ಇದರ ಮೇಲೆ ಅಂಗಡಿಯಲ್ಲಿ ಉಳಿದ ಬಣ್ಣದ ತಂತಿಯನ್ನೇ ಎಳೆದ ಹಳೆ ಮನೆಗಳು ಬೇರೆ. ಟೆಸ್ಟರ್ ಹೇಳಿದ್ದೇ ನಿಜ, ಬಣ್ಣ ಹೇಳಿದ್ದಲ್ಲ.

ಬಲ್ಬ್ ಹೋಲ್ಡರ್

ಸ್ವಿಚ್ ತೆಗೆದು, ಬಲ್ಬ್ ಕಳಚಿ. ಈಗ ಹೋಲ್ಡರಿನ ಎರಡೂ ಕಡ್ಡಿಯಲ್ಲಿ ಟೆಸ್ಟರಿನ ದೀಪ ಹತ್ತಬಾರದು. ಒಂದರಲ್ಲಿ ಹತ್ತಿದರೆ ಸ್ವಿಚ್ ನ್ಯೂಟ್ರಲ್‌ನಲ್ಲಿದೆ. ಬ್ಲೇಡ್ ಎರಡೂ ಕಡ್ಡಿಗೆ ಒಟ್ಟಿಗೆ ತಾಗದ ಹಾಗೆ ನೋಡಿಕೊಳ್ಳಿ. ಸ್ಕ್ರೂ ಹಾಗೆ ತಿರುಗಿಸಿ ಕೂರಿಸುವ ಹೋಲ್ಡರ್ ಆದರೆ ನಡುವಿನ ಬಿಂದುವಿಗೆ ಫೇಸ್ ಬರಬೇಕು, ಸುತ್ತಲಿನ ಲೋಹದ ಸುತ್ತಿಗೆ ನ್ಯೂಟ್ರಲ್. ಉಲ್ಟಾ ಇದ್ದರೆ ಬಲ್ಬ್ ತಿರುಗಿಸುವಾಗ ಬೆರಳಿಗೆ ಸಿಗುವುದು ಫೇಸ್.

ಹೋಲ್ಡರ್ ಎತ್ತರದಲ್ಲಿ ಇರುತ್ತದೆ, ನೀವು ಕಟ್ಟಿಗೆ ಸ್ಟೂಲ್ ಹತ್ತಿರುತ್ತೀರಿ. ಆಗ ದೀಪ ಮಂಕು ಎಂದು ಮೇಲೆಯೇ ಹೇಳಿದ್ದೇನೆ. ಸ್ಟೂಲ್ ಮೇಲೆ ನಿಂತುಕೊಂಡೇ ಸ್ವಿಚ್ ಹಾಕಿಸಿ ಒಮ್ಮೆ ದೀಪ ಹತ್ತುವುದನ್ನು ನೋಡಿ, ಆಮೇಲೆ ಸ್ವಿಚ್ ತೆಗೆಸಿ. ಹತ್ತಿದಾಗ ಎಷ್ಟು ಕಾಣುತ್ತದೆ ಎಂದು ಕಣ್ಣಿಗೆ ಗೊತ್ತಿದ್ದರೆ ಮಾತ್ರ ಹತ್ತಿಲ್ಲ ಅನ್ನುವುದು ಗೊತ್ತಾಗುತ್ತದೆ.

ಕೂಲರ್, ಫ್ರಿಜ್ ಮೈ ನೋಡುವುದು

ಯಂತ್ರ ಓಡುವಾಗ ಅದರ ಬಣ್ಣ ಇಲ್ಲದ ಜಾಗಕ್ಕೆ, ಒಂದು ಸ್ಕ್ರೂ ತಲೆಗೆ ಟೆಸ್ಟರ್ ಇಡಿ. ಬಣ್ಣದ ಮೇಲೆ ಇಟ್ಟರೆ ಏನೂ ಕಾಣುವುದಿಲ್ಲ. ದೀಪ ಜೋರಾಗಿ ಹತ್ತಿದರೆ ಮೈಗೆ ಫೇಸ್ ಸೋರುತ್ತಿದೆ, ಅರ್ಥಿಂಗ್ ಕೆಲಸ ಮಾಡುತ್ತಿಲ್ಲ. ಪಿನ್ ತೆಗೆದಿಡಿ, ರಿಪೇರಿ ಆಗುವವರೆಗೆ ಬಳಸಬೇಡಿ. ಕಂಪ್ಯೂಟರ್, ವಾಷಿಂಗ್ ಮಷೀನ್ ಮೈಯಲ್ಲಿ ಮಂಕಾಗಿ ಹತ್ತುವುದುಂಟು. ಅವುಗಳೊಳಗಿನ ಫಿಲ್ಟರ್ ಕೆಪಾಸಿಟರ್ ಎಂಬ ಸಣ್ಣ ಭಾಗ ಕಾರಣ. ಅದೂ ಸುಮ್ನೆ ಬಿಡುವ ಸಂಗತಿಯಲ್ಲ. ಅರ್ಥಿಂಗ್ ಇದ್ದಿದ್ದರೆ ಆ ಮಂಕು ದೀಪವೂ ಹತ್ತುತ್ತಿರಲಿಲ್ಲ.

ಟೆಸ್ಟರಿಗೆ ತಿಳಿಯದ್ದು

ಅರ್ಥಿಂಗ್ ಚೆನ್ನಾಗಿದೆಯೇ ಎಂದು ಟೆಸ್ಟರ್ ಹೇಳುವುದಿಲ್ಲ. ಅರ್ಥಿಂಗ್ ಗಟ್ಟಿ ಇದ್ದರೂ ದೀಪ ಹತ್ತುವುದಿಲ್ಲ, ಆ ತೂತಿಗೆ ತಂತಿಯೇ ಇಲ್ಲದಿದ್ದರೂ ಹತ್ತುವುದಿಲ್ಲ. ಇದಕ್ಕೆ ಮಲ್ಟಿಮೀಟರ್ ಬೇಕು. ಫೇಸ್–ನ್ಯೂಟ್ರಲ್ ನಡುವೆ 230 ಹತ್ತಿರ, ಫೇಸ್–ಅರ್ಥಿಂಗ್ ನಡುವೆಯೂ ಅಷ್ಟೇ, ನ್ಯೂಟ್ರಲ್–ಅರ್ಥಿಂಗ್ ನಡುವೆ ಒಂದೆರಡು ವೋಲ್ಟ್ ತೋರಿಸಬೇಕು. ಅರ್ಥಿಂಗ್ ಗುಂಡಿಯ ನಿಜವಾದ ಗಟ್ಟಿತನ ನೋಡಲು ಬೇರೆ ಮೀಟರ್ ಇದೆ, ಅದು ವೈರ್‌ಮನ್ ಕೆಲಸ. ನಮ್ಮ ಕರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಅರ್ಥಿಂಗ್ ಕೊಳವೆಗೂ ಮಣ್ಣಿಗೂ ಹಿಡಿತ ಕಡಿಮೆಯಾಗುತ್ತದೆ. ಕೂಲರ್ ಓಡುವ ತಿಂಗಳುಗಳಲ್ಲೇ ಹೀಗಾಗುವುದು. ಮಾರ್ಚ್‌ನಿಂದ ಗುಂಡಿಗೆ ಆಗಾಗ ನೀರು ಹಾಕಿ.

ಹೊಲದ ಮೋಟಾರಿಗೂ ಒಂದು ಮಾತು. ಸ್ಟಾರ್ಟರಿನಲ್ಲಿ ಮೂರೂ ಫೇಸ್ ಹತ್ತಿತು ಎಂದ ಮಾತ್ರಕ್ಕೆ ಮೂರೂ ಬಂದಿವೆ ಎಂದಲ್ಲ. ಒಂದು ಫೇಸ್ ಕಡಿದಿದ್ದರೂ ಮೋಟಾರಿನ ಸುತ್ತಿನ ಮೂಲಕ ಉಳಿದ ಫೇಸ್ ತಿರುಗಿ ಬಂದು ಆ ಕಡ್ಡಿಯಲ್ಲಿ ದೀಪ ಹತ್ತಿಸುತ್ತದೆ. ಮೋಟಾರ್ ಆಫ್ ಇದ್ದಾಗ, ಸ್ಟಾರ್ಟರಿಗೆ ಬರುವ ಕಡೆ ನೋಡಬೇಕು. ಮೋಟಾರ್ ಉಲ್ಟಾ ತಿರುಗುತ್ತದೋ ಎಂಬುದೂ ಟೆಸ್ಟರಿಗೆ ತಿಳಿಯದು.

ಡಿಸಿ ಕರೆಂಟಿನಲ್ಲಿ ನಿಯಾನ್ ಬಲ್ಬಿನ ಒಂದೇ ಕಡ್ಡಿ, ಮೈನಸ್ ಕಡೆಯದು, ಹೊಳೆಯುತ್ತದೆ. ಎಸಿಯಲ್ಲಿ ಎರಡೂ. ಹಾಗೆಂದು ಮಾಳಿಗೆಯ ಸೋಲಾರ್ ಪ್ಯಾನಲ್ ಸಾಲಿಗೆ ಇದನ್ನು ಹಿಡಿದು ಪ್ಲಸ್ ಮೈನಸ್ ನೋಡಲು ಹೋಗಬೇಡಿ. ಅಲ್ಲಿ ನೂರಾರು ವೋಲ್ಟ್ ಡಿಸಿ ಇರುತ್ತದೆ. ಹತ್ತಿದ ಕಿಡಿ ಎಸಿಯ ಹಾಗೆ ಬೇಗ ಆರುವುದಿಲ್ಲ.

ಸರಿಪಡಿಸಿದ ಮೇಲೆ

ಪತ್ತೆ ಮಾಡುವುದು ನಿಮ್ಮ ಕೈಲಾಗುತ್ತದೆ. ಬೋರ್ಡ್ ಬಿಚ್ಚಿ ತಂತಿ ಬದಲಾಯಿಸುವುದನ್ನು ಲೈಸೆನ್ಸ್ ಇರುವ ವೈರ್‌ಮನ್‌ಗೆ ಬಿಡಿ. ಅವರು ಬಂದಾಗ "ಪ್ಲಗ್ ಕೆಟ್ಟದ" ಎನ್ನಬೇಡಿ. "ಸ್ವಿಚ್ ತೆಗೆದರೂ ಎಡಗಡೆ ಹತ್ತುತ್ತದೆ" ಎಂದು ಕಂಡದ್ದನ್ನು ಹೇಳಿ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಮೇನ್‌ನಲ್ಲಿ ಆರ್‌ಸಿಸಿಬಿ ಇಲ್ಲದಿದ್ದರೆ ಅದೇ ದಿನ 30 ಮಿಲಿಆಂಪಿನದ್ದು ಹಾಕಿಸಿ.

ಅಕ್ಕನ ಮನೆಯಲ್ಲಿ ಆ ಬೋರ್ಡಿಗೆ ಬರುವ ತಂತಿ ಸರಿ ಮಾಡಿದೆ, ಅರ್ಥಿಂಗ್ ಎಳೆದೆ, ಪಂಪ್ ಬದಲಾಯಿಸಿದೆ. ಆಮೇಲೆ ಮೊದಲಿನಿಂದ ಆರೂ ಸಲ ನೋಡಿದೆ. ಕೊನೆಯ ಸಲ ಟೆಸ್ಟರನ್ನು ಅಕ್ಕನ ಕೈಗೇ ಕೊಟ್ಟೆ. ಚಪ್ಪಲಿ ಹಾಕಿಕೊಂಡು, ಒಣ ನೆಲದಲ್ಲಿ ನಿಂತು, ಸ್ವಿಚ್ ತೆಗೆದು ಎಡಗಡೆ ಇಟ್ಟರು, ಬಲಗಡೆ ಇಟ್ಟರು. ಹತ್ತಲಿಲ್ಲ. "ಹಂಗಾದ್ರ ಈಗ ಕರೆಂಟ್ ಇಲ್ಲೇನು?" ಅಂದರು. "ಇನ್ನೂ ಗೊತ್ತಿಲ್ರಿ ಅಕ್ಕಾ, ಅಡುಗಿಮನಿ ಪ್ಲಗ್ಗಿಗೆ ಒಮ್ಮೆ ಇಟ್ಟು ನೋಡ್ರಿ" ಎಂದೆ. ಅಲ್ಲಿ ಹೋಗಿ ಇಟ್ಟರು. ಹತ್ತಿತು. "ಹಾಂ, ಈಗ ಇಲ್ಲ" ಎಂದು ಅವರೇ ಹೇಳಿದರು.